ಅಟ್ಟದ ಸೈಕಲ್ಲು, ಹೈಸ್ಕೂಲಿನ ದಾರಿ

ಮಕ್ಕಳೇ, ಜೊತೆಗೆ ಕನ್ನಡಕ ಒರೆಸಿಕೊಂಡು ಓದಲು ಕೂತಿರುವ ಅಜ್ಜ-ಅಜ್ಜಿಯರೇ,

ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ಪ್ರತ್ಯೇಕವಾಗಿ ಎತ್ತಿಟ್ಟುಕೊಂಡಿದ್ದೇನೆ. ಬರೆದವರು ಒಬ್ಬ ಅಜ್ಜಿ. ಅವರ ಊರಿನಲ್ಲಿ ಶಾಲೆ ಇರುವುದು ಏಳನೇ ತರಗತಿಯವರೆಗೆ ಮಾತ್ರ. ಮೊಮ್ಮಗಳು ಏಳು ಮುಗಿಸಿದ್ದಾಳೆ. ಹೈಸ್ಕೂಲು ನಾಲ್ಕು ಕಿಲೋಮೀಟರ್ ಆಚೆ, ಪಕ್ಕದೂರಿನಲ್ಲಿ. ಬಸ್ಸು ಬರುವ ಹೊತ್ತಿಗೆ ಅಲ್ಲಿ ಮೊದಲನೇ ಪೀರಿಯಡ್ ಮುಗಿದಿರುತ್ತದಂತೆ.

"ಅವಳ ಅಪ್ಪನ ಸೈಕಲ್ಲು ಅಟ್ಟದ ಮೇಲಿದೆ. ಅದನ್ನ ಇಳಿಸಿಕೊಡಿ, ನಾನೇ ಹೋಗಿ ಬರ್ತೀನಿ ಅಂತಾಳೆ. ಮಗ, ಸೊಸೆ ಇಬ್ಬರೂ ನನ್ನ ಬಾಯಿ ನೋಡ್ತಿದ್ದಾರೆ. ಹೂಂ ಅನ್ನೋಕೆ ಹೆದರಿಕೆ. ಊಹೂಂ ಅಂದರೆ ಹುಡುಗಿ ಓದು ನಿಂತೇ ಹೋಗುತ್ತೆ. ನನಗಂತೂ ಸೈಕಲ್ ತುಳಿದು ಗೊತ್ತಿಲ್ಲ. ಏನು ಮಾಡಲಿ ಹೇಳಿ" ಎಂದು ಕೇಳಿದ್ದಾರೆ.

ತಾಯಿ, ಹೂಂ ಅನ್ನಿ. ಆದರೆ ಇವತ್ತೇ ಅನ್ನಬೇಡಿ. ಸೈಕಲ್ಲಿಗೆ ಒಂದು ಪರೀಕ್ಷೆ, ಮೊಮ್ಮಗಳಿಗೆ ಒಂದು ಪರೀಕ್ಷೆ ಇಡಿ. ಎರಡರಲ್ಲೂ ಪಾಸಾದ ಮೇಲೆ ಹೂಂ ಅನ್ನಿ. ಪರೀಕ್ಷಕರು ನೀವೇ. ಸೈಕಲ್ ತುಳಿಯಲು ಬರದಿದ್ದರೂ ಪರವಾಗಿಲ್ಲ, ಕಣ್ಣು, ಕಿವಿ, ಹೆಬ್ಬೆರಳು ಇದ್ದರೆ ಸಾಕು. ಹೇಗೆ ಅನ್ನುವುದನ್ನು ಕೆಳಗೆ ಬರೆದಿದ್ದೇನೆ. ನಿಮ್ಮಂಥ ಅಜ್ಜಿಯರು ಊರೂರಿಗೂ ಇರುತ್ತಾರಾದ್ದರಿಂದ ಎಲ್ಲರೂ ಓದಿಕೊಳ್ಳಲಿ.

ನಾನು ಮೆಕ್ಯಾನಿಕ್ ಅಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಆದರೆ ಮನೆಯಿಂದ ಬ್ರಾಂಚಿಗೆ, ಬ್ರಾಂಚಿನಿಂದ ಮನೆಗೆ ಸರ್ವೀಸಿನ ಉದ್ದಕ್ಕೂ ಸೈಕಲ್ಲಿನಲ್ಲೇ ಓಡಾಡಿದೆ. ದಿನದ ಕೊನೆಗೆ ಕ್ಯಾಷ್ ಟ್ಯಾಲಿ ಆಗದೆ ಮನೆಗೆ ಹೊರಡುವಂತಿರಲಿಲ್ಲ. ಅದೇ ಅಭ್ಯಾಸ ಸೈಕಲ್ಲಿಗೂ ಬಂತು. ಹತ್ತುವ ಮೊದಲು ಗಾಳಿ, ಬ್ರೇಕು, ಚೈನು, ಈ ಮೂರೂ ಟ್ಯಾಲಿ ಆಗಬೇಕು. ಮೂರು ನಿಮಿಷದ ಕೆಲಸ.

ಮೊದಲು ಅಟ್ಟದಿಂದ ಇಳಿಸೋಣ

ವರ್ಷಗಟ್ಟಲೆ ನಿಂತ ಸೈಕಲ್ಲನ್ನು ಇಳಿಸಿ, ಧೂಳು ಒರೆಸಿ, ಗಾಳಿ ಹೊಡೆದು ಹುಡುಗಿಯ ಕೈಗೆ ಕೊಡಬೇಡಿ. ಕಬ್ಬಿಣ ತಡೆದುಕೊಂಡಿರುತ್ತದೆ, ರಬ್ಬರು ತಡೆದಿರುವುದಿಲ್ಲ. ಟೈರನ್ನು ಬೆರಳಿನಿಂದ ಒತ್ತಿ ಬಗ್ಗಿಸಿ ನೋಡಿ. ಪಕ್ಕದ ಗೋಡೆಯಲ್ಲಿ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಕಂಡರೆ ಆ ಟೈರಿನ ಆಯಸ್ಸು ಮುಗಿದಿದೆ. ಬ್ರೇಕಿನ ರಬ್ಬರೂ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಅದು ರಿಮ್ಮನ್ನು ಮುಟ್ಟುತ್ತದೆ, ಹಿಡಿಯುವುದಿಲ್ಲ. ಬ್ರೇಕಿನ ತಂತಿ ಒಳಗೇ ತುಕ್ಕು ಹಿಡಿದಿದ್ದರೆ, ಹಿಡಿಯನ್ನು ಒತ್ತಿ ಬಿಟ್ಟಾಗ ಅದು ಥಟ್ಟನೆ ಹಿಂದಕ್ಕೆ ಬರುವುದಿಲ್ಲ. ಚಕ್ರದ ನಡುವೆ, ಪೆಡಲಿನ ನಡುವೆ, ಹ್ಯಾಂಡಲ್ಲಿನ ಬುಡದಲ್ಲಿ ಇರುವ ಗುಂಡುಗಳ ಗ್ರೀಸು ಒಣಗಿರುತ್ತದೆ.

ಇದೆಲ್ಲ ಅಂಗಡಿಯ ಕೆಲಸ. ಸೈಕಲ್ ಶಾಪಿಗೆ ಒಯ್ದು "ಓವರ್‌ಹಾಲ್ ಮಾಡಿಕೊಡಪ್ಪ, ಮಗು ಓಡಿಸೋದು" ಎಂದು ಹೇಳಿ. ಕೈಯಲ್ಲಿ ಹಣ ಕಡಿಮೆ ಇದ್ದರೆ ಖರ್ಚಿನ ಕ್ರಮ ಹೀಗಿರಲಿ: ಮೊದಲು ಬ್ರೇಕಿನ ರಬ್ಬರು ಮತ್ತು ತಂತಿ, ಆಮೇಲೆ ಟೈರು-ಟ್ಯೂಬು, ಆಮೇಲೆ ಗುಂಡುಗಳಿಗೆ ಗ್ರೀಸು, ಆಮೇಲೆ ಚೈನು. ಬಣ್ಣ, ಹೊಸ ಸೀಟು ಕವರು, ಹ್ಯಾಂಡಲ್ಲಿಗೆ ಜೂಲು ಇವೆಲ್ಲ ಕೊನೆಗೆ. ಹುಡುಗಿ ಬಣ್ಣ ಮೊದಲು ಎಂದು ಹಟ ಮಾಡಬಹುದು. ನೀವು ಜಗ್ಗಬೇಡಿ.

ಇನ್ನೊಂದು ಮಾತು. ಅಪ್ಪನ ಸೈಕಲ್ಲು ಮಗಳಿಗೆ ಎತ್ತರವಾಗಬಹುದು. ಬಾರಿನ ಎರಡೂ ಕಡೆ ಕಾಲಿಟ್ಟು ನಿಲ್ಲಿಸಿ ನೋಡಿ. ಎರಡು ಪಾದವೂ ಪೂರ್ತಿ ನೆಲಕ್ಕೆ ಊರಿ, ಬಾರಿಗೂ ಮೈಗೂ ನಡುವೆ ಎರಡು ಬೆರಳು ಜಾಗ ಇರಬೇಕು. ಇಲ್ಲದಿದ್ದರೆ ಆ ಸೈಕಲ್ಲನ್ನು ಅಂಗಡಿಗೆ ಕೊಟ್ಟು, ಬಾರಿಲ್ಲದ ಹಳೆಯ ಲೇಡೀಸ್ ಸೈಕಲ್ಲಿಗೆ ಬದಲಾಯಿಸಿಕೊಳ್ಳುವುದೇ ಒಳ್ಳೆಯದು. ನಾವು ಚಿಕ್ಕವರಿದ್ದಾಗ ಬಾರಿನ ಅಡಿಯಿಂದ ಕಾಲು ತೂರಿಸಿ ಒಳಪೆಡಲು ತುಳಿಯುತ್ತಿದ್ದೆವು, ನಿಜ. ಆಗ ಬೀದಿಯಲ್ಲಿ ಇದ್ದದ್ದು ಎತ್ತಿನ ಗಾಡಿ. ಈಗ ಇರುವುದು ಲಾರಿ.

ಗಾಳಿ

ಸೈಕಲ್ಲಿನ ಟೈರಿಗೆ ಗಾಳಿ ತುಂಬುವ ವಿದ್ಯೆ ಬಳಕೆಗೆ ಬಂದದ್ದು ಒಬ್ಬ ಮಗುವಿನಿಂದ. 1888ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರಿದ್ದರು. ಅವರ ಮಗನ ಬಳಿ ಮೂರು ಚಕ್ರದ ಸೈಕಲ್ಲಿತ್ತು. ಗಟ್ಟಿ ರಬ್ಬರಿನ ಚಕ್ರ, ಕಲ್ಲು ಹಾಸಿದ ಬೀದಿ. ಹುಡುಗನ ಮೈಯೆಲ್ಲ ಕುಲುಕಾಟ. ಡನ್‌ಲಪ್ ರಬ್ಬರಿನ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿ ಕಟ್ಟಿದರು. ಅದಕ್ಕೂ ನಾಲ್ಕು ದಶಕ ಮೊದಲೇ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಗಾಳಿ ಚಕ್ರಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಜನರ ಕಾಲಡಿಗೆ ಬಂದು ಉಳಿದದ್ದು ಡನ್‌ಲಪ್ ಅವರ ಟೈರು.

ಗಾಳಿ ಸರಿ ಇದೆಯೇ ಎಂದು ತಿಳಿಯಲು ಹೆಬ್ಬೆರಳಿನಿಂದ ಟೈರನ್ನು ಮೇಲಿನಿಂದ ಜೋರಾಗಿ ಒತ್ತಿ. ಬಲಿತ ಸೀಬೆಕಾಯಿಯಂತೆ ಗಟ್ಟಿ ಇದ್ದರೆ ಸರಿ. ಹಣ್ಣಾದ ಸೀಬೆಯಂತೆ ತಗ್ಗಿದರೆ ಪಂಪು ತೆಗೆಯಿರಿ. ಟೈರಿನ ಪಕ್ಕದಲ್ಲೇ ಎಷ್ಟು ಗಾಳಿ ಬೇಕು ಎಂಬುದನ್ನು ಪಿಎಸ್‌ಐ ಎಂಬ ಅಳತೆಯಲ್ಲಿ ಅಚ್ಚೊತ್ತಿರುತ್ತಾರೆ. ಮಕ್ಕಳೇ, ಬಟ್ಟೆಯಿಂದ ಒರೆಸಿ ಆ ಅಂಕಿಯನ್ನು ಹುಡುಕಿ. ಅದನ್ನು ಮೀರಿ ತುಂಬಬೇಡಿ.

ಗಾಳಿ ಕಡಿಮೆ ಇದ್ದರೆ ಎರಡು ನಷ್ಟ. ಒಂದು, ತುಳಿಯಲು ಭಾರ. ಎರಡು, ಗುಂಡಿಗೆ ಚಕ್ರ ಇಳಿದಾಗ ರಿಮ್ಮು ಮತ್ತು ನೆಲದ ನಡುವೆ ಟ್ಯೂಬು ಸಿಕ್ಕಿಕೊಂಡು, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತದೆ. ಮುಳ್ಳು ಚುಚ್ಚಿದ್ದಾದರೆ ಸಾಮಾನ್ಯವಾಗಿ ಒಂದೇ ತೂತು. ಮುಂದಿನ ಸಲ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿದಾಗ ಗುಳ್ಳೆ ಎಷ್ಟು ಕಡೆಯಿಂದ ಬರುತ್ತದೆ ಎಂದು ಎಣಿಸಿ. ತಪ್ಪು ಮುಳ್ಳಿನದೋ, ಗಾಳಿ ನೋಡದವರದೋ ಗೊತ್ತಾಗುತ್ತದೆ.

ವಾರಕ್ಕೊಮ್ಮೆ ಗಾಳಿ ನೋಡಿ. ನಮ್ಮ ಸಾಧಾರಣ ಸೈಕಲ್ಲಿನ ವಾಲ್ವಿನ ಒಳಗೆ ಸಣ್ಣ ರಬ್ಬರ್ ನಳಿಗೆ ಇರುತ್ತದೆ. ಅದು ಹಳೆಯದಾದರೆ ಪಂಕ್ಚರ್ ಇಲ್ಲದೆಯೂ ಗಾಳಿ ಇಳಿಯುತ್ತದೆ. ವಾಲ್ವಿನ ಬಾಯಿಗೆ ಒಂದು ತೊಟ್ಟು ಎಂಜಲು ಹಚ್ಚಿ ನೋಡಿ, ಗುಳ್ಳೆ ಬಂದರೆ ಆ ನಳಿಗೆ ಬದಲಾಯಿಸಿ. ಎಂಜಲು ಬೇಡವೆನ್ನುವ ಅಜ್ಜಿಯರು ಸೋಪಿನ ನೀರು ಬಳಸಬಹುದು.

ಬ್ರೇಕು

ಇದನ್ನು ದಿನವೂ ನೋಡಬೇಕು. ಸೈಕಲ್ಲಿನ ಪಕ್ಕ ನಿಂತು, ಮುಂದಿನ ಬ್ರೇಕನ್ನು ಒತ್ತಿ ಹಿಡಿದು, ಸೈಕಲ್ಲನ್ನು ಮುಂದಕ್ಕೆ ದಬ್ಬಿ. ಮುಂದಿನ ಚಕ್ರ ಉರುಳಬಾರದು, ಹಿಂದಿನ ಚಕ್ರ ಸ್ವಲ್ಪ ಮೇಲೇಳಬೇಕು. ಆಮೇಲೆ ಹಿಂದಿನ ಬ್ರೇಕು ಒತ್ತಿ ದಬ್ಬಿ. ಹಿಂದಿನ ಚಕ್ರ ತಿರುಗದೆ ನೆಲ ಉಜ್ಜಿಕೊಂಡು ಬರಬೇಕು. ಬ್ರೇಕಿನ ಹಿಡಿ ಎಷ್ಟೇ ಒತ್ತಿದರೂ ಹ್ಯಾಂಡಲ್ಲಿಗೆ ತಾಗಬಾರದು. ತಾಗಿದರೆ ಆ ದಿನ ಸೈಕಲ್ಲಿಗೆ ರಜೆ.

ನಮ್ಮ ಬೀದಿಯ ಹುಡುಗನೊಬ್ಬ ಹಿಡಿ ಹ್ಯಾಂಡಲ್ಲಿಗೆ ತಾಗುತ್ತಿದ್ದ ಸೈಕಲ್ಲನ್ನು "ಹಿಂದಿನ ಬ್ರೇಕ್ ಇದೆಯಲ್ಲ" ಎಂದು ಹದಿನೈದು ದಿನ ಓಡಿಸಿದ. ಹದಿನಾರನೆಯ ದಿನ ಇಳಿಜಾರಿನಲ್ಲಿ ಹಿಂದಿನದರ ತಂತಿಯೂ ಹರಿಯಿತು. ಹಾಲಿನ ಬೂತಿನ ಗೋಡೆ ಅವನನ್ನು ನಿಲ್ಲಿಸಿತು. ಮಣಿಕಟ್ಟು ಮುರಿದು, ಆರು ವಾರ ಕೈಗೆ ಪಟ್ಟಿ. ತಂತಿ ಒಂದೇ ದಿನದಲ್ಲಿ ಹರಿಯುವುದಿಲ್ಲ. ಹಿಡಿಯ ಹತ್ತಿರ ಅದರ ಎಳೆಗಳು ಒಂದೊಂದಾಗಿ ಬಿಟ್ಟುಕೊಳ್ಳುತ್ತಾ ಬರುತ್ತವೆ. ಕಣ್ಣಿಟ್ಟು ನೋಡಿದರೆ ಕಾಣುತ್ತದೆ. ಒಂದು ಎಳೆ ಬಿಟ್ಟಿದ್ದರೂ ತಂತಿ ಬದಲಾಯಿಸಿ.

ಎರಡು ಬ್ರೇಕುಗಳಲ್ಲಿ ಯಾವುದು ಹೆಚ್ಚು ಬಲ? ಮುಂದಿನದು. ಬಸ್ಸು ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಮುಗ್ಗರಿಸುವುದಿಲ್ಲವೇ? ಹಾಗೆಯೇ ಸೈಕಲ್ಲಿನ ಮೇಲಿನ ಭಾರವೂ ಮುಂದಿನ ಚಕ್ರಕ್ಕೆ ಬರುತ್ತದೆ. ಭಾರ ಹೆಚ್ಚಿದ ಚಕ್ರ ನೆಲವನ್ನು ಬಿಗಿಯಾಗಿ ಹಿಡಿಯುತ್ತದೆ, ಹಗುರಾದ ಹಿಂದಿನ ಚಕ್ರ ಜಾರುತ್ತದೆ. ಹಾಗೆಂದು ಮುಂದಿನದನ್ನೇ ಥಟ್ಟನೆ ಅಮುಕಿದರೆ ಮಗುಚಿ ಬೀಳುತ್ತೀರಿ. ಎರಡನ್ನೂ ಜೊತೆಯಾಗಿ, ಮೆಲ್ಲಗೆ ಶುರುಮಾಡಿ ಬಿಗಿಮಾಡುತ್ತಾ ಹೋಗಿ. ಯಾವ ಕೈಯ ಹಿಡಿ ಯಾವ ಚಕ್ರದ್ದು ಎಂಬುದು ಸೈಕಲ್ಲಿನಿಂದ ಸೈಕಲ್ಲಿಗೆ ಬೇರೆ ಇರಬಹುದು. ಹೊಸ ಸೈಕಲ್ ಹತ್ತುವ ಮೊದಲು ಒತ್ತಿ ನೋಡಿಕೊಳ್ಳಿ.

ಮಳೆಯಲ್ಲಿ ಒದ್ದೆಯಾದ ರಿಮ್ಮನ್ನು ರಬ್ಬರು ಸುಲಭಕ್ಕೆ ಹಿಡಿಯುವುದಿಲ್ಲ, ಹೊಳೆಯುವ ಉಕ್ಕಿನ ರಿಮ್ಮನ್ನಂತೂ ಇನ್ನೂ ಇಲ್ಲ. ನಿಲ್ಲಬೇಕಾದ ಜಾಗ ಬರುವುದಕ್ಕೆ ಬಹಳ ಮೊದಲೇ ಹಗುರವಾಗಿ ಒತ್ತಿ ನೀರು ಒರೆಸಿ, ಆಮೇಲೆ ಬಿಗಿಯಾಗಿ ಒತ್ತಿ. ನಮ್ಮ ಮೈಸೂರಿನಲ್ಲಿ ಚಾಮುಂಡಿ ಬೆಟ್ಟ ಹತ್ತಿ ಇಳಿಯುವ ಹುಡುಗರಿಗೂ ಒಂದು ಮಾತು: ಇಳಿಜಾರಿನ ಉದ್ದಕ್ಕೂ ಬ್ರೇಕನ್ನು ಒತ್ತಿಯೇ ಇಟ್ಟರೆ ರಿಮ್ಮು, ರಬ್ಬರು ಎರಡೂ ಕಾಯುತ್ತವೆ. ಒತ್ತಿ, ಬಿಡಿ, ಮತ್ತೆ ಒತ್ತಿ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನ ನಡುವೆ ಅಲ್ಲ.

ಚೈನು

ಚೈನು ಕಿರುಗುಟ್ಟಿದರೆ ಅದಕ್ಕೆ ಬಾಯಾರಿಕೆ. ಆದರೆ ಅಜ್ಜಿಯರೇ, ಕೊಬ್ಬರಿ ಎಣ್ಣೆ ಬೇಡ. ಅದು ಚಳಿಗೆ ಹೆಪ್ಪುಗಟ್ಟುತ್ತದೆ. ಅಡುಗೆ ಎಣ್ಣೆ ದಿನ ಕಳೆದಂತೆ ಅಂಟಾಗಿ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಲಿಗೆ ಮೆಷಿನ್ನಿನ ಎಣ್ಣೆ ಇದ್ದರೆ ಅದನ್ನೇ ಬಳಸಿ. ಮೊದಲು ಹಳೆ ಬಟ್ಟೆಯಿಂದ ಚೈನಿನ ಕೊಳೆ ಒರೆಸಿ. ಪೆಡಲನ್ನು ಹಿಂದಕ್ಕೆ ಮೆಲ್ಲಗೆ ತಿರುಗಿಸುತ್ತಾ ಒಂದೊಂದು ಕೊಂಡಿಗೆ ಒಂದೊಂದು ತೊಟ್ಟು ಹಾಕಿ. ಐದು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಎಣ್ಣೆ ಬೇಕಾದದ್ದು ಕೊಂಡಿಯ ಒಳಗೆ. ರಿಮ್ಮಿಗೆ, ಬ್ರೇಕಿನ ರಬ್ಬರಿಗೆ ಒಂದು ಹನಿಯೂ ತಾಗಕೂಡದು. ಚೈನು ತಿರುಗುವಾಗ ಬೆರಳು, ಬಟ್ಟೆ ಹಲ್ಲಿನ ಚಕ್ರದ ಹತ್ತಿರ ಹೋಗಬಾರದು. ಚಿಕ್ಕ ಮಕ್ಕಳು ಈ ಕೆಲಸವನ್ನು ದೊಡ್ಡವರ ಎದುರಿಗೇ ಮಾಡಿ.

ಗೇರಿಲ್ಲದ ಸೈಕಲ್ಲಿನಲ್ಲಿ ಚೈನಿನ ನಡುಭಾಗವನ್ನು ಬೆರಳಿನಿಂದ ಎತ್ತಿ ಇಳಿಸಿದರೆ ಅರ್ಧ ಇಂಚಿನಷ್ಟು ಆಡಬೇಕು. ಹೆಚ್ಚು ಸಡಿಲವಾದರೆ ಕಳಚಿಕೊಳ್ಳುತ್ತದೆ, ಬಿಗಿಯಾದರೆ ಬೇಗ ಸವೆಯುತ್ತದೆ.

ಚೈನು ಸವೆದಿದೆಯೇ ಎಂದು ಅಳೆಯುವುದು ಮಕ್ಕಳಿಗೆ ಒಳ್ಳೆಯ ಲೆಕ್ಕ. ಸೈಕಲ್ಲಿನ ಚೈನಿನಲ್ಲಿ ಒಂದು ಪಿನ್ನಿನಿಂದ ಪಕ್ಕದ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಹಾಗಾದರೆ 24 ಅಂತರಕ್ಕೆ ಎಷ್ಟು? 12 ಇಂಚು. ಒಂದು ಅಡಿಯ ಸ್ಕೇಲನ್ನು ಚೈನಿನ ಮೇಲಿಡಿ. ಸೊನ್ನೆ ಒಂದು ಪಿನ್ನಿನ ನಡುವಿಗೆ ಬಂದರೆ, 12 ಇಂಚಿನ ಗೆರೆಯೂ ಒಂದು ಪಿನ್ನಿನ ನಡುವಿಗೇ ಬರಬೇಕು. ಆ ಪಿನ್ನು ಗೆರೆಯಿಂದ ಇಂಚಿನ 16ನೇ ಒಂದು ಭಾಗ ಆಚೆ ಹೋಗಿದ್ದರೆ ಚೈನು ಬದಲಾಯಿಸುವ ಸಮಯ. 8ನೇ ಒಂದು ಭಾಗ ಹೋಗಿದ್ದರೆ ಹಲ್ಲಿನ ಚಕ್ರಗಳೂ ಸವೆದಿರುತ್ತವೆ, ಖರ್ಚು ಹೆಚ್ಚಾಗುತ್ತದೆ. ಸಾಲದ ಕಂತು ತಡವಾದರೆ ಬಡ್ಡಿ ಬೀಳುವ ಹಾಗೆ.

ಕೊನೆಗೆ ಮುಂದಿನ ಚಕ್ರವನ್ನು ಒಂದು ಗೇಣು ಎತ್ತಿ ನೆಲಕ್ಕೆ ಬಿಡಿ, ಆಮೇಲೆ ಹಿಂದಿನದನ್ನು. ಕಿವಿಗೊಟ್ಟು ಕೇಳಿ. ರಬ್ಬರು ಪುಟಿದ ಸದ್ದು ಮಾತ್ರ ಬಂದರೆ ಸರಿ. ಗಲಗಲ ಎಂದರೆ ಎಲ್ಲೋ ನಟ್ಟು ಸಡಿಲವಾಗಿದೆ. ಚಕ್ರದ ನಟ್ಟು, ಮಡ್‌ಗಾರ್ಡು, ಕ್ಯಾರಿಯರ್, ಬೆಲ್ಲು ಒಂದೊಂದನ್ನೂ ಅಲುಗಿಸಿ ನೋಡಿ.

ಮೊಮ್ಮಗಳ ಪರೀಕ್ಷೆ

ಸೈಕಲ್ಲು ಪಾಸಾಯಿತು. ಈಗ ಓಡಿಸುವವಳ ಸರದಿ.

ಇನ್ನೂ ಸರಿಯಾಗಿ ಬಾರದಿದ್ದರೆ ಹೀಗೆ ಕಲಿಸಿ. ಎರಡೂ ಪೆಡಲು ಬಿಚ್ಚಿಸಿ, ಸೀಟು ತಗ್ಗಿಸಿ. ಎಡಗಡೆಯ ಪೆಡಲಿನ ಮರೆ ಉಲ್ಟಾ ಇರುತ್ತದೆ, ಬೇರೆಲ್ಲ ನಟ್ಟುಗಳಿಗೆ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿಲ್ಲದೆ ಬಲ ಹಾಕಿದರೆ ಇನ್ನೂ ಬಿಗಿಯಾಗುತ್ತದೆ. ಪೆಡಲಿಲ್ಲದ ಸೈಕಲ್ಲಿನ ಮೇಲೆ ಕೂತು, ಕಾಲಿನಿಂದ ನೆಲ ಒದ್ದುಕೊಂಡು ಮೈದಾನದಲ್ಲಿ ಓಡಾಡಲಿ. ಎರಡು ಕಾಲೂ ಎತ್ತಿ ಹತ್ತು ಎಣಿಸುವಷ್ಟು ದೂರ ಹೋದಳೆಂದರೆ ಬ್ಯಾಲೆನ್ಸ್ ಬಂತು. 1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಓಡಿಸಿ ತೋರಿಸಿದ ಮೊದಲ ಎರಡು ಚಕ್ರದ ಗಾಡಿಗೂ ಪೆಡಲಿರಲಿಲ್ಲ, ಅವರೂ ಕಾಲಿನಿಂದಲೇ ಒದ್ದುಕೊಂಡು ಹೋದದ್ದು.

ಬಂದ ಮೇಲೆ ಸೀಟಿನ ಎತ್ತರ ಸರಿಮಾಡಿ. ಕೂತು, ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಓಡಿಸುವಾಗ ಪಾದದ ಮುಂಭಾಗದಿಂದ ತುಳಿಯುವುದರಿಂದ ಮಂಡಿ ಸ್ವಲ್ಪ ಬಾಗಿರುತ್ತದೆ, ನೋವು ಬರುವುದಿಲ್ಲ.

ಪರೀಕ್ಷೆಗೆ ನಾಲ್ಕು ಪ್ರಶ್ನೆ. ಊರಿನ ಮೈದಾನದಲ್ಲಿ ನೋಡಿ.

ಒಂದು: ನೀವು "ನಿಲ್ಲು" ಎಂದ ಕೂಡಲೇ ಬೀಳದೆ, ಜಾರದೆ ನಿಲ್ಲಬೇಕು.

ಎರಡು: ಹ್ಯಾಂಡಲ್ ಓಲಾಡದೆ ಬಲಭುಜದ ಮೇಲಿಂದ ಹಿಂತಿರುಗಿ ನೋಡಿ, ನೀವು ಎಷ್ಟು ಬೆರಳು ತೋರಿಸಿದಿರಿ ಎಂದು ಹೇಳಬೇಕು.

ಮೂರು: ಬಲಗೈ ಚಾಚಿ ಸಿಗ್ನಲ್ ಕೊಡುತ್ತಾ ಹತ್ತು ಮಾರು ಒಂದೇ ಕೈಯಲ್ಲಿ ಓಡಿಸಬೇಕು.

ನಾಲ್ಕು: ಸ್ಕೂಲ್ ಬ್ಯಾಗಿನ ಪೂರ್ತಿ ಭಾರ ಕ್ಯಾರಿಯರಿಗೆ ಕಟ್ಟಿಕೊಂಡು ಇವನ್ನೆಲ್ಲ ಮತ್ತೊಮ್ಮೆ ಮಾಡಬೇಕು. ಹ್ಯಾಂಡಲ್ಲಿಗೆ ಬ್ಯಾಗು, ಟಿಫಿನ್ ಚೀಲ ನೇತುಹಾಕುವುದು ಬೇಡವೇ ಬೇಡ. ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ. ದುಪಟ್ಟಾವನ್ನು ಹಿಂದಕ್ಕೆ ಬಿಗಿಯಾಗಿ ಕಟ್ಟಿರಬೇಕು, ಚೈನಿಗೆ ಕವರ್ ಇರಬೇಕು.

ಆಮೇಲೆ ಒಂದು ಭಾನುವಾರ ಅವಳ ಅಪ್ಪನೋ ಅಮ್ಮನೋ ಜೊತೆಯಲ್ಲಿ ಹೋಗಿ ನಾಲ್ಕು ಕಿಲೋಮೀಟರ್ ದಾರಿಯನ್ನು ನೋಡಿ ಬರಲಿ. ಎಲ್ಲಿ ಗುಂಡಿ, ಎಲ್ಲಿ ಮರಳು, ಎಲ್ಲಿ ನಾಯಿ, ಎಲ್ಲಿ ಕುರುಡು ತಿರುವು ಎಂದು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದುಕೊಳ್ಳಲಿ. ರಸ್ತೆಯಲ್ಲಿ ನೆನಪಿಡಬೇಕಾದದ್ದು ಇಷ್ಟು. ಎಡಗಡೆಯಲ್ಲೇ ಹೋಗಬೇಕು, ಆದರೆ ಟಾರಿನ ಅಂಚಿಗೆ ತೀರಾ ಅಂಟಿಕೊಂಡಲ್ಲ. ಅಂಚಿನಿಂದ ಮಣ್ಣಿಗೆ ಜಾರಿದ ಚಕ್ರ ಮತ್ತೆ ಹತ್ತುವಾಗಲೇ ಬೀಳುವುದು. ನಿಂತ ಕಾರಿನ ಪಕ್ಕ ಹೋಗುವಾಗ ಬಾಗಿಲು ತೆರೆಯುವಷ್ಟು ಜಾಗ ಬಿಡಬೇಕು. ಲಾರಿ, ಬಸ್ಸು ಎಡಕ್ಕೆ ತಿರುಗುತ್ತಿದ್ದರೆ ಅದರ ಎಡಪಕ್ಕಕ್ಕೆ ನುಗ್ಗಬಾರದು, ಡ್ರೈವರಿಗೆ ಅಲ್ಲಿರುವವರು ಕಾಣುವುದಿಲ್ಲ. ನೀರು ನಿಂತ ಕಡೆ ಗುಂಡಿ ಇದೆಯೆಂದೇ ತಿಳಿಯಬೇಕು. ರೈಲು ಹಳಿಯನ್ನು ಅಡ್ಡಡ್ಡವಾಗಿ ನೇರಕ್ಕೆ ದಾಟಬೇಕು, ಓರೆಯಾಗಿ ಅಲ್ಲ. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು, ಸೈಕಲ್ಲನ್ನು ನಡುವೆ ಅಡ್ಡ ಇಟ್ಟುಕೊಂಡು ನಡೆಯಬೇಕು. ಓಡುವುದನ್ನು ಕಂಡರೆ ಅದಕ್ಕೆ ಹುರುಪು ಜಾಸ್ತಿ. ಕಿವಿಗೆ ಇಯರ್‌ಫೋನ್ ಬೇಡ, ಕ್ಯಾರಿಯರಿನಲ್ಲಿ ಗೆಳತಿ ಬೇಡ. ತಲೆಗೆ ಹೆಲ್ಮೆಟ್ ಇರಲಿ, ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರುವ ಹಾಗೆ. ಹಿಂದೆ ಕೆಂಪು ರಿಫ್ಲೆಕ್ಟರ್, ಸಂಜೆ ತಡವಾಗುವ ದಿನಕ್ಕೆ ಮುಂದೆ ದೀಪ. ನಮ್ಮ ಕಾಲದಲ್ಲಿ ದೀಪವಿಲ್ಲದೆ ಹೋದರೆ, ಡಬಲ್ ರೈಡಿಂಗ್ ಮಾಡಿದರೆ ಪೊಲೀಸರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು. ಈಗ ಯಾರೂ ಹಿಡಿಯುವುದಿಲ್ಲ, ನಾವೇ ನೋಡಿಕೊಳ್ಳಬೇಕು.

ಅಜ್ಜಿಗೆ ಎರಡು ಮಾತು

2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಉಚಿತ ಸೈಕಲ್ ಯೋಜನೆ ಆರಂಭಿಸಿದಾಗ ಎಂಟನೇ ತರಗತಿಯನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಊರಿನ ಶಾಲೆ ಏಳಕ್ಕೆ ಮುಗಿಯುತ್ತದೆ, ಹೈಸ್ಕೂಲು ದೂರ. ಹೆಣ್ಣುಮಕ್ಕಳು ಶಾಲೆ ಬಿಡುವುದು ಆ ನಡುವಿನ ದಾರಿಯಲ್ಲೇ. ನಿಮ್ಮ ಮೊಮ್ಮಗಳು ಈಗ ನಿಂತಿರುವುದೂ ಅಲ್ಲೇ. ಹುಡುಗಿ ದೊಡ್ಡವಳಾದಳು, ಸೈಕಲ್ ಸಾಕು ಎಂದು ನಾಳೆ ಬೇರೆ ಯಾರಾದರೂ ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ. ನಿಮ್ಮ ಹೆದರಿಕೆ ಸುಳ್ಳು ಎಂದು ನಾನು ಹೇಳುವುದಿಲ್ಲ. ರಸ್ತೆ ರಸ್ತೆಯೇ. ಆದ್ದರಿಂದ ಹೆದರಿಕೆಗೆ ಒಂದು ಕೆಲಸ ಕೊಡಿ. ದಿನಾ ಬೆಳಿಗ್ಗೆ ಅವಳು ಹೊರಡುವ ಮೊದಲು ನೀವೇ ಟೈರು ಒತ್ತಿ, ಬ್ರೇಕು ಹಿಡಿದು ದಬ್ಬಿ, ಚೈನು ನೋಡಿ. ಮೊದಲ ವಾರ ಮನೆಯವರೊಬ್ಬರು ಜೊತೆಗೆ ಹೋಗಿ ಬರಲಿ. ಅದೇ ದಾರಿಯಲ್ಲಿ ಹೋಗುವ ಇನ್ನೂ ಇಬ್ಬರು ಮೂವರು ಮಕ್ಕಳಿದ್ದರೆ ಎಲ್ಲರೂ ಒಟ್ಟಿಗೆ ಹೊರಡಲಿ, ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರು.

ತಾತಂದಿರಲ್ಲಿ ಯಾರಿಗಾದರೂ ಇದನ್ನೋದಿ ಮತ್ತೆ ಸೈಕಲ್ ಹತ್ತುವ ಆಸೆ ಹುಟ್ಟಿದ್ದರೆ ಸಂತೋಷ. ಮೊದಲು ಡಾಕ್ಟರನ್ನು ಕೇಳಿ, ತಲೆಸುತ್ತು ಇರುವವರು ಬೇಡ. ಬಾರಿಲ್ಲದ ಸೈಕಲ್ಲನ್ನೇ ಹಿಡಿಯಿರಿ, ಕಾಲೆತ್ತಿ ದಾಟಿಸುವಾಗಲೇ ನಮ್ಮ ವಯಸ್ಸಿನವರು ಬೀಳುವುದು. ಬೆಳಗಿನ ಖಾಲಿ ರಸ್ತೆಯಲ್ಲಿ ಹದಿನೈದು ನಿಮಿಷದಿಂದ ಶುರುಮಾಡಿ. ಮಾತನಾಡುತ್ತಾ ತುಳಿಯಲು ಆಗುವಷ್ಟೇ ವೇಗ ಸಾಕು.

ಮಕ್ಕಳಿಗೆ ಈ ವಾರದ ಮನೆಕೆಲಸ: ಒಂದು ಅಡಿಯ ಸ್ಕೇಲು ಹಿಡಿದು ಮನೆಯ ಸೈಕಲ್ಲಿನ ಚೈನು ಅಳೆಯಿರಿ, ಟೈರಿನ ಮೇಲಿನ ಪಿಎಸ್‌ಐ ಅಂಕಿ ಹುಡುಕಿ, ಎರಡನ್ನೂ ಕಾಗದದಲ್ಲಿ ಬರೆದು ಕಳಿಸಿ. ಅಜ್ಜಿ, ನಿಮ್ಮ ಮೊಮ್ಮಗಳ ಕಾಗದವನ್ನೂ ಕಾಯುತ್ತಿರುತ್ತೇನೆ. ಪರೀಕ್ಷೆಯಲ್ಲಿ ಎಷ್ಟು ಅಂಕ ಕೊಟ್ಟಿರಿ ಎಂದು ಅದರಲ್ಲೇ ತಿಳಿಸಿ. ಮುಂದಿನ ವಾರ ಮನೆಯಲ್ಲೇ ಪಂಕ್ಚರ್ ಹಾಕುವುದು ಹೇಗೆಂದು ನೋಡೋಣ. ಒಂದು ಬಕೆಟ್, ಒಂದು ಹಳೆ ಟ್ಯೂಬು ಸಿದ್ಧಮಾಡಿ ಇಟ್ಟುಕೊಳ್ಳಿ.